ಬೊಜ್ಜಿನ ಶಸ್ತ್ರಚಿಕಿತ್ಸೆಯ ಅನಂತರ

ಶರೀರದಲ್ಲಿ ಶೇಖರವಾಗುವ ಕೊಬ್ಬು ಸ್ವಭಾವತಃ ಕೆಟ್ಟ ವಸ್ತುವೇನೂ ಅಲ್ಲ. ಸುಗ್ಗಿಯ ಕಾಲದಲ್ಲಿ ರೈತನು ಹಗೇವಿನಲ್ಲಿ ಧಾನ್ಯವನ್ನು ತುಂಬಿ ಬರಗಾಲಕ್ಕೆಂದು ಕಾಪಾಡಿಕೊಳ್ಳುತ್ತಿದ್ದಂತೆ, ಶರೀರವೂ ಆ ಹೊತ್ತಿಗೆ ಬೇಡವಾದ ಆಹಾರಶಕ್ತಿಯನ್ನು ಕೊಬ್ಬಿನ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತದೆ. ಹಗೇವು ತುಂಬುತ್ತಲೇ ಹೋಗಿ, ತೆಗೆಯುವ ಸಂದರ್ಭವೇ ಬಾರದಿದ್ದಾಗ ತೊಂದರೆ ಪ್ರಾರಂಭವಾಗುತ್ತದೆ. ಸಿಹಿಮೂತ್ರ ರೋಗ, ರಕ್ತದ ಏರೊತ್ತಡ, ನಿದ್ರೆಯಲ್ಲಿ ಉಸಿರು ಕಟ್ಟುವಿಕೆ, ಮೊಣಕಾಲಿನ ಕೀಲುಗಳ ಸವೆತ ಇವೆಲ್ಲ ಅತಿಬೊಜ್ಜಿನ ಸಂಗಡಿಗರು. ಪಥ್ಯ, ವ್ಯಾಯಾಮ, ಔಷಧಗಳಿಂದ ಗುಣ ಕಾಣದ ಕೆಲವರಿಗೆ ವೈದ್ಯರು ಜಠರದ ಶಸ್ತ್ರಚಿಕಿತ್ಸೆಯನ್ನು ಸೂಚಿಸುವುದುಂಟು. ಶಸ್ತ್ರಚಿಕಿತ್ಸೆಯಾದೊಡನೆ ಎಲ್ಲವೂ ಮುಗಿಯಿತೆಂದು ಅನೇಕರು ಭಾವಿಸುತ್ತಾರೆ. ವಾಸ್ತವವಾಗಿ ಕೆಲಸವು ಅಲ್ಲಿಂದಲೇ ಆರಂಭವಾಗುತ್ತದೆ. ಆ ಬಳಿಕದ ತಿಂಗಳುಗಳಲ್ಲಿ ಶರೀರದೊಳಗೆ ಏನೇನು ನಡೆಯುತ್ತದೆ ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಶಸ್ತ್ರಚಿಕಿತ್ಸೆಯ ಸ್ವರೂಪ

ಬೊಜ್ಜನ್ನು ಅಳೆಯಲು ವೈದ್ಯರು ಒಂದು ಸೂಚ್ಯಂಕವನ್ನು ಬಳಸುತ್ತಾರೆ. ಕಿಲೋಗ್ರಾಂಗಳಲ್ಲಿರುವ ತೂಕವನ್ನು, ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಅದು ದೊರೆಯುತ್ತದೆ. 1.6 ಮೀಟರು ಎತ್ತರದ ವ್ಯಕ್ತಿಯ ತೂಕ ಸುಮಾರು 102 ಕಿಲೋಗ್ರಾಂ ಆಗಿದ್ದರೆ ಸೂಚ್ಯಂಕವು 40. 1991ರಲ್ಲಿ ಅಮೆರಿಕದ ವೈದ್ಯರು ಸೂಚ್ಯಂಕ 40ನ್ನು ಮುಟ್ಟಿದವರಿಗೂ, ಬೊಜ್ಜಿನಿಂದ ಬಂದ ಬೇರೆ ರೋಗಗಳಿದ್ದರೆ 35ನ್ನು ಮುಟ್ಟಿದವರಿಗೂ ಶಸ್ತ್ರಚಿಕಿತ್ಸೆ ಮಾಡಬಹುದೆಂದು ಗೊತ್ತುಮಾಡಿದರು. 2022ರಲ್ಲಿ ಈ ಮಿತಿಗಳನ್ನು ಇಳಿಸಲಾಯಿತು. ಏಷ್ಯದ ಜನರಲ್ಲಿ ಸಿಹಿಮೂತ್ರ ರೋಗವು ಕಡಿಮೆ ಸೂಚ್ಯಂಕದಲ್ಲಿಯೇ ತಲೆದೋರುವುದರಿಂದ, ಅವರ ವಿಷಯದಲ್ಲಿ 27.5ರಿಂದಲೇ ಇದನ್ನು ಆಲೋಚಿಸಬಹುದೆಂದು ಹೇಳಲಾಗಿದೆ.

ಮೊದಲ ಪ್ರಯತ್ನಗಳು 1950ರ ದಶಕದಲ್ಲಿ ನಡೆದುವು. ಆಗ ಸಣ್ಣ ಕರುಳಿನ ಬಹುಭಾಗವನ್ನು ಆಹಾರದ ದಾರಿಯಿಂದ ಹೊರಗಿಡುತ್ತಿದ್ದರು. ತೂಕವೇನೋ ಇಳಿಯಿತು, ಆದರೆ ಕೆಲವರ ಯಕೃತ್ತು ಕೆಟ್ಟಿತು, ಕೆಲವರಿಗೆ ಮೂತ್ರಪಿಂಡದಲ್ಲಿ ಕಲ್ಲುಗಳಾದುವು. ಆ ಪದ್ಧತಿಯನ್ನು ಕೈಬಿಡಬೇಕಾಯಿತು. ಜಠರದ ಹುಣ್ಣಿಗಾಗಿ ಜಠರದ ದೊಡ್ಡ ಭಾಗವನ್ನೇ ತೆಗೆಸಿಕೊಂಡವರು ಮತ್ತೆ ಮೈತುಂಬಿಕೊಳ್ಳಲು ಕಷ್ಟಪಡುವುದನ್ನು ಅಯೋವ ವಿಶ್ವವಿದ್ಯಾನಿಲಯದ ಎಡ್ವರ್ಡ್ ಮೇಸನ್ ಎಂಬ ಶಸ್ತ್ರವೈದ್ಯರು ಗಮನಿಸಿದರು. ಹುಣ್ಣಿನ ರೋಗಿಗೆ ಅನನುಕೂಲವಾದದ್ದು ಬೊಜ್ಜಿನ ರೋಗಿಗೆ ಅನುಕೂಲವಾಗಬಾರದೇಕೆ? 1966ರಲ್ಲಿ ಅವರು ಗ್ಯಾಸ್ಟ್ರಿಕ್ ಬೈಪಾಸ್ ಎಂಬ ಶಸ್ತ್ರಚಿಕಿತ್ಸೆಯನ್ನು ಆರಂಭಿಸಿದರು.

ಅದರ ಇಂದಿನ ರೂಪ ಹೀಗಿದೆ. ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರು ಹಿಡಿಸುವ, ಅಂದರೆ ಕೋಳಿಮೊಟ್ಟೆಗಿಂತಲೂ ಕಿರಿದಾದ ಒಂದು ಚೀಲವನ್ನು ಬೇರ್ಪಡಿಸುತ್ತಾರೆ. ಸಣ್ಣ ಕರುಳನ್ನು ಕತ್ತರಿಸಿ, ಅದರ ಕೆಳಗಿನ ತುಂಡಿನ ಬಾಯನ್ನು ಈ ಚೀಲಕ್ಕೆ ಜೋಡಿಸುತ್ತಾರೆ. ಪಿತ್ತರಸವನ್ನೂ ಮೇದೋಜೀರಕ ರಸವನ್ನೂ ತರುವ ಮೇಲಿನ ತುಂಡನ್ನು ಇನ್ನೂ ಕೆಳಗೆ ಕೂಡಿಸುತ್ತಾರೆ. ಎರಡು ಕಾಲುದಾರಿಗಳು ಸೇರಿ ಒಂದಾಗುವಂತೆ ಆಹಾರವೂ ಜೀರ್ಣರಸಗಳೂ ಅಲ್ಲಿ ಸಂಧಿಸುತ್ತವೆ. ಉಳಿದ ಜಠರವು ಹೊಟ್ಟೆಯಲ್ಲೇ ಇದ್ದರೂ ಆಹಾರವನ್ನು ಕಾಣುವುದಿಲ್ಲ. ಸ್ಲೀವ್ ಎಂಬ ಇನ್ನೊಂದು ಪದ್ಧತಿಯಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ಉದ್ದಕ್ಕೆ ಕೊಯ್ದು ತೆಗೆದು, ಅಂಗಿಯ ತೋಳಿನಂತಹ ಕೊಳವೆಯನ್ನು ಉಳಿಸುತ್ತಾರೆ; ಕರುಳಿನ ದಾರಿ ಬದಲಾಗುವುದಿಲ್ಲ. 1990ರ ದಶಕದಿಂದೀಚೆಗೆ ಇವನ್ನು ಹೊಟ್ಟೆಯ ಮೇಲಿನ ಕೆಲವು ಚಿಕ್ಕ ರಂಧ್ರಗಳ ಮೂಲಕವೇ ಮಾಡುವ ಕ್ರಮ ಬಳಕೆಗೆ ಬಂದಿದೆ.

ಮೊದಲ ವಾರಗಳು

ಶಸ್ತ್ರಚಿಕಿತ್ಸೆಯಾದ ದಿನವೇ ಅಥವಾ ಮರುದಿನ ರೋಗಿಯನ್ನು ಎಬ್ಬಿಸಿ ನಡೆಸುತ್ತಾರೆ. ಅಲುಗಾಡದೆ ಮಲಗಿದ್ದರೆ ಕಾಲಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಶ್ವಾಸಕೋಶಕ್ಕೆ ಹರಿದು ಪ್ರಾಣಕ್ಕೇ ಅಪಾಯವಾಗಬಹುದು. ಹೊಲಿಗೆಯ ಸಂದಿಯಿಂದ ಜಠರದ ರಸ ಸೋರುವುದು ಇನ್ನೊಂದು ಅಪಾಯ. ಇಳಿಯದ ನಾಡಿಬಡಿತ, ಜ್ವರ, ಹೆಚ್ಚುತ್ತಿರುವ ಹೊಟ್ಟೆನೋವು ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.

ಆಹಾರವು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮೊದಲು ನೀರು, ತಿಳಿಸಾರು; ಬಳಿಕ ಹಾಲು, ಮಜ್ಜಿಗೆ, ಬೇಳೆಯ ಕಟ್ಟು; ಎರಡು ಮೂರು ವಾರಗಳಾದ ಮೇಲೆ ನುಣ್ಣಗೆ ಅರೆದ ಆಹಾರ; ಆಮೇಲೆ ಮೆತ್ತಗೆ ಬೆಂದದ್ದು; ಸುಮಾರು ಎರಡು ತಿಂಗಳಿಗೆ ಎಂದಿನ ಗಟ್ಟಿ ಆಹಾರ. ಹೊಲಿಗೆಯ ಗಾಯ ಮಾಯುವವರೆಗೆ ಅದರ ಮೇಲೆ ಭಾರ ಬೀಳಬಾರದೆಂಬುದೇ ಇದರ ತತ್ತ್ವ. ತುತ್ತನ್ನು ಚೆನ್ನಾಗಿ ಅಗಿಯಬೇಕು, ನಿಧಾನವಾಗಿ ಉಣ್ಣಬೇಕು. ಊಟದ ನಡುವೆ ನೀರು ಕುಡಿಯಬಾರದು. ಊಟವಾಗಿ ಅರ್ಧ ಗಂಟೆ ಕಳೆದ ಮೇಲೆ ಗುಟುಕು ಗುಟುಕಾಗಿ ಕುಡಿಯಬೇಕು. ಚೀಲ ಕಿರಿದಾದುದರಿಂದ ಒಮ್ಮೆಗೇ ಒಂದು ಲೋಟ ಕುಡಿಯಲಾಗದು. ಹೀಗಾಗಿ ಮೊದಲ ವಾರಗಳಲ್ಲಿ ಶರೀರದ ನೀರು ಕಡಿಮೆಯಾಗಿ ರೋಗಿ ಮತ್ತೆ ಆಸ್ಪತ್ರೆ ಸೇರುವ ಪ್ರಸಂಗಗಳುಂಟು.

ಹಸಿವು ಎಲ್ಲಿ ಹೋಯಿತು?

1944–45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿಯು 36 ಮಂದಿ ಸ್ವಯಂಸೇವಕರ ಮೇಲೆ ಒಂದು ಪ್ರಯೋಗ ನಡೆಸಿದರು. ಆರು ತಿಂಗಳ ಅರೆಹೊಟ್ಟೆಯಿಂದ ಅವರ ತೂಕ ಸುಮಾರು ಕಾಲುಭಾಗ ಇಳಿಯಿತು. ಅದರೊಡನೆ ಅವರ ಶರೀರವು ಶಕ್ತಿಯ ವ್ಯಯವನ್ನು ತಗ್ಗಿಸಿಕೊಂಡಿತು. ಅವರಿಗೆ ಹಗಲಿರುಳು ಊಟದ ಯೋಚನೆಯೇ ಆಯಿತು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ತೂಕವೂ ಸುಮಾರು ಅಷ್ಟೇ ಇಳಿಯುತ್ತದೆ. ಆದರೆ ಅವರಲ್ಲಿ ಬಹುಮಂದಿಗೆ ಮೊದಲ ತಿಂಗಳುಗಳಲ್ಲಿ ಹಸಿವೇ ತೋರುವುದಿಲ್ಲ. ಚೀಲ ಚಿಕ್ಕದೆಂಬುದೊಂದೇ ಕಾರಣವಾಗಿದ್ದರೆ, ಬೇಗ ತುಂಬಿದರೂ ಬೇಗ ಹಸಿವಾಗಬೇಕಾಗಿತ್ತು.

ಇದರ ಗುಟ್ಟು ಹಾರ್ಮೋನುಗಳಲ್ಲಿದೆ. 1999ರಲ್ಲಿ ಜಪಾನಿನ ಕೊಜಿಮ ಮತ್ತು ಕಂಗಾವ ಎಂಬ ವಿಜ್ಞಾನಿಗಳು ಜಠರದಿಂದ ಗ್ರೆಲಿನ್ ಎಂಬ ಹಾರ್ಮೋನನ್ನು ಬೇರ್ಪಡಿಸಿದರು. ಊಟಕ್ಕೆ ಮುಂಚೆ ರಕ್ತದಲ್ಲಿ ಏರಿ ಹಸಿವನ್ನು ಕೆರಳಿಸುವುದು ಇದೇ. ಪಥ್ಯದಿಂದ ತೂಕ ಇಳಿಸಿದವರಲ್ಲಿ ಇದರ ಪ್ರಮಾಣ ಹೆಚ್ಚುತ್ತದೆ. ಇಳಿದ ತೂಕ ಮರಳಿ ಬರಲು ಇದೂ ಒಂದು ಕಾರಣ. ಸ್ಲೀವ್ ಪದ್ಧತಿಯಲ್ಲಿ ಗ್ರೆಲಿನನ್ನು ಮುಖ್ಯವಾಗಿ ಸ್ರವಿಸುವ ಭಾಗವೇ ಹೊರಹೋಗುವುದರಿಂದ ಅದು ತಗ್ಗುತ್ತದೆ. ಬೈಪಾಸಿನಲ್ಲಿ ಆಹಾರವು ಸಣ್ಣ ಕರುಳಿನ ಕೆಳಭಾಗವನ್ನು ಬೇಗನೆ ಮುಟ್ಟಿ, ಅಲ್ಲಿಂದ ಜಿ.ಎಲ್.ಪಿ.-1 ಮೊದಲಾದ ತೃಪ್ತಿಸೂಚಕ ಹಾರ್ಮೋನುಗಳು ಹೆಚ್ಚಾಗಿ ಹೊರಡುತ್ತವೆ. ಇದೇ ಹಾರ್ಮೋನು ಇನ್ಸುಲಿನನ್ನೂ ಪ್ರಚೋದಿಸುತ್ತದೆ. ಆದಕಾರಣವೇ ಸಿಹಿಮೂತ್ರ ರೋಗಿಗಳ ರಕ್ತದ ಸಕ್ಕರೆಯು ತೂಕ ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ, ತಗ್ಗುವುದು ಕಂಡುಬರುತ್ತದೆ. ಹಳೆಯ ಪ್ರಮಾಣದಲ್ಲಿಯೇ ಇನ್ಸುಲಿನ್ ಮುಂದುವರಿಸಿದರೆ ಸಕ್ಕರೆ ಅತಿಯಾಗಿ ಕುಸಿಯಬಹುದು. ಔಷಧಗಳನ್ನು ವೈದ್ಯರು ಹೊಸದಾಗಿ ಗೊತ್ತುಮಾಡಬೇಕು.

ಬೈಪಾಸ್ ಆದವರು ಪಾಯಸವನ್ನೋ ಜಿಲೇಬಿಯನ್ನೋ ತಿಂದರೆ ಇನ್ನೊಂದು ಫಲವನ್ನು ಕಾಣುವುದುಂಟು. ಜಠರದಲ್ಲಿ ತಡೆಯಿಲ್ಲದ ಸಕ್ಕರೆಯು ನೇರವಾಗಿ ಕರುಳಿಗೆ ಸುರಿದು, ರಕ್ತದಿಂದ ನೀರನ್ನು ತನ್ನೆಡೆಗೆ ಸೆಳೆಯುತ್ತದೆ. ಅರ್ಧ ಗಂಟೆಯೊಳಗೆ ಬೆವರು, ಎದೆಬಡಿತ, ತಲೆಸುತ್ತು, ಭೇದಿ. ಒಂದರಿಂದ ಮೂರು ಗಂಟೆಗಳ ತರುವಾಯ, ಮಿತಿಮೀರಿ ಸ್ರವಿಸಿದ ಇನ್ಸುಲಿನಿನಿಂದ ರಕ್ತದ ಸಕ್ಕರೆ ಇಳಿದು ನಿತ್ರಾಣವಾಗುವುದೂ ಉಂಟು.

ತೂಕದ ಲೆಕ್ಕ

ದಿನಕ್ಕೆ 2,000 ಕಿಲೋಕ್ಯಾಲೊರಿ ವ್ಯಯಿಸುವ ಶರೀರಕ್ಕೆ 800 ಮಾತ್ರ ಒದಗಿತೆನ್ನೋಣ. ಕೊರತೆ ದಿನಕ್ಕೆ 1,200, ವಾರಕ್ಕೆ 8,400. ಒಂದು ಕಿಲೋಗ್ರಾಂ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲೊರಿ ಅಡಗಿದೆ. ಹಾಗಾದರೆ ವಾರಕ್ಕೆ ಒಂದು ಕಿಲೋಗ್ರಾಮಿಗಿಂತ ತುಸು ಹೆಚ್ಚು ಕರಗಬೇಕು. ಮೊದಲ ವಾರಗಳಲ್ಲಿ ಇಳಿತವು ಇದಕ್ಕೂ ಹೆಚ್ಚಿರುವುದು. ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಇರುವ ಗ್ಲೈಕೊಜನ್ ಖರ್ಚಾದಂತೆ ಅದರೊಡನಿದ್ದ ನೀರೂ ಹೊರಬೀಳುವುದೇ ಇದಕ್ಕೆ ಕಾರಣ. ಕೊರತೆಯನ್ನು ತುಂಬಿಕೊಳ್ಳಲು ಶರೀರವು ಸ್ನಾಯುವನ್ನೂ ಒಡೆಯುತ್ತದೆ. ಅದನ್ನು ತಡೆಯಲು ದಿನಕ್ಕೆ 60ರಿಂದ 80 ಗ್ರಾಂ ಸಸಾರಜನಕ ಬೇಕು. ತಟ್ಟೆಯಲ್ಲಿ ಮೊದಲು ಬೇಳೆ, ಮೊಸರು, ಪನೀರು, ಮೊಟ್ಟೆ, ಮೀನು, ಅನ್ನವು ಕೊನೆಗೆ. ಇದರೊಡನೆ ವ್ಯಾಯಾಮವೂ ಅವಶ್ಯ.

ಇಳಿತವು ಮೊದಲ ಆರು ತಿಂಗಳಲ್ಲಿ ವೇಗವಾಗಿದ್ದು, ಒಂದರಿಂದ ಒಂದೂವರೆ ವರ್ಷದಲ್ಲಿ ನಿಲ್ಲುತ್ತದೆ. 102 ಕಿಲೋಗ್ರಾಂ ಇದ್ದವರು 72ರಿಂದ 76ರವರೆಗೆ ಬರುವುದು ಸಾಮಾನ್ಯ. ಅನಂತರ ಸ್ವಲ್ಪ ತೂಕ ಮರಳುವುದೂ ಸಹಜವೇ.

ಈ ವೇಗಕ್ಕೆ ಶರೀರವು ಬೆಲೆ ತೆರುತ್ತದೆ. ಮೂರನೆಯ ನಾಲ್ಕನೆಯ ತಿಂಗಳಲ್ಲಿ ಕೂದಲು ಹಿಡಿಹಿಡಿಯಾಗಿ ಉದುರಬಹುದು. ಶರೀರಕ್ಕೆ ಬಿದ್ದ ಪೆಟ್ಟಿನಿಂದ ಅನೇಕ ಕೂದಲುಗಳು ಏಕಕಾಲದಲ್ಲಿ ವಿಶ್ರಾಂತಿಯ ಅವಸ್ಥೆಗೆ ಸರಿದು, ಕೆಲವು ತಿಂಗಳ ಬಳಿಕ ಒಟ್ಟಿಗೆ ಕಳಚುತ್ತವೆ. ಬೇರು ಸಾಯದ ಕಾರಣ ಪೋಷಣೆ ಸರಿಯಾಗಿದ್ದರೆ ಮರಳಿ ಬೆಳೆಯುತ್ತವೆ. ಕರಗುವ ಕೊಬ್ಬಿನಿಂದ ಪಿತ್ತರಸದಲ್ಲಿ ಕೊಲೆಸ್ಟರಾಲು ಹೆಚ್ಚಿ ಪಿತ್ತಕೋಶದಲ್ಲಿ ಕಲ್ಲುಗಳು ಹರಳುಗಟ್ಟಬಹುದು. ಇದನ್ನು ತಡೆಯಲು ಆರು ತಿಂಗಳು ಔಷಧ ಕೊಡುವುದುಂಟು. ತೂಕವಿಳಿಯುವ ಈ ಅವಧಿಯಲ್ಲಿ ಗರ್ಭಿಣಿಯಾದರೆ ಶಿಶುವಿನ ಪೋಷಣೆಗೆ ಕೊರತೆಯಾಗುವ ಸಂಭವವಿರುವುದರಿಂದ, ಒಂದರಿಂದ ಒಂದೂವರೆ ವರ್ಷ ಗರ್ಭಧಾರಣೆಯನ್ನು ಮುಂದೂಡಲು ವೈದ್ಯರು ಹೇಳುತ್ತಾರೆ.

ಅನ್ನಾಂಗಗಳ ಪ್ರಶ್ನೆ

ಈ ವಿಷಯದಲ್ಲಿ ಅತ್ಯಂತ ಮುಖ್ಯವಾದದ್ದು ಅನ್ನಾಂಗಗಳು ಅಥವಾ ವಿಟಮಿನುಗಳು. ಇಲ್ಲಿಯ ಉದಾಸೀನವೇ ಸರಿಪಡಿಸಲಾಗದ ಹಾನಿಯನ್ನು ತರುವುದು.

ಮೊದಲು ಬಿ1, ಅಂದರೆ ಥಯಮಿನ್. ಒಳಹೊಟ್ಟು ಹೋದ ಬಿಳಿಯ ಅಕ್ಕಿಯನ್ನು ತಿಂದ ಕೋಳಿಗಳು ಕಾಲು ಸೋತು ಬೀಳುವುದನ್ನು 1890ರ ದಶಕದಲ್ಲಿ ಜಾವದಲ್ಲಿ ಐಕ್ಮನ್ ಕಂಡದ್ದನ್ನು ವಿದ್ಯಾರ್ಥಿಗಳು ಓದಿರಬಹುದು. ಆ ಕೊರತೆಯ ವಸ್ತುವೇ ಇದು. ಶರೀರದಲ್ಲಿರುವ ಇದರ ದಾಸ್ತಾನು ಸುಮಾರು 30 ಮಿಲಿಗ್ರಾಂ. ದಿನದ ಬೇಡಿಕೆ ಒಂದು ಮಿಲಿಗ್ರಾಮಿಗಿಂತ ತುಸು ಹೆಚ್ಚು. ಆಹಾರದಿಂದ ಒದಗದಿದ್ದರೆ ಎರಡು ಮೂರು ವಾರಗಳಲ್ಲಿ ಕಣಜ ಬರಿದು. ಶಸ್ತ್ರಚಿಕಿತ್ಸೆಯ ಬಳಿಕ ದಿನಗಟ್ಟಲೆ ವಾಂತಿಯಾಗುತ್ತಿರುವ ರೋಗಿಗೆ ಇದೇ ಗಂಡಾಂತರ. ದೃಷ್ಟಿ ಎರಡೆರಡಾಗಿ ಕಾಣುತ್ತದೆ, ನಡಿಗೆ ತೂರಾಡುತ್ತದೆ, ಬುದ್ಧಿ ಮಂಕಾಗುತ್ತದೆ. ನಿತ್ರಾಣವೆಂದು ಬರಿಯ ಗ್ಲೂಕೋಸನ್ನು ರಕ್ತಕ್ಕೆ ಹರಿಸಿದರೆ, ಅದನ್ನು ಉರಿಸಲು ಉಳಿದಷ್ಟು ಥಯಮಿನ್ ಸಹ ಖರ್ಚಾಗಿ ಸ್ಥಿತಿ ಬಿಗಡಾಯಿಸುತ್ತದೆ. ಥಯಮಿನ್ ಚುಚ್ಚುಮದ್ದನ್ನು ಮೊದಲು ಕೊಡಬೇಕು. ತಡವಾದರೆ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು. ಎಡೆಬಿಡದ ವಾಂತಿಯನ್ನು ‘ಶಸ್ತ್ರಚಿಕಿತ್ಸೆಯಾದ ಮೇಲೆ ಇದೆಲ್ಲ ಇದ್ದದ್ದೇ’ ಎಂದು ಮನೆಯಲ್ಲಿ ಸಹಿಸಿಕೊಂಡಿರಬಾರದು.

ಎರಡನೆಯದು ಬಿ12. ಬಾಸ್ಟನ್ನಿನ ವಿಲಿಯಂ ಕ್ಯಾಸಲ್ ಎಂಬ ವೈದ್ಯರು ಒಂದು ಬಗೆಯ ಮಾರಕ ರಕ್ತಹೀನತೆಯ ರೋಗಿಗಳಿಗೆ ಮಾಂಸವನ್ನು ಮಾತ್ರ ಕೊಟ್ಟಾಗ ಗುಣವಾಗಲಿಲ್ಲ. ಆರೋಗ್ಯವಂತನ ಜಠರರಸದೊಡನೆ ಬೆರೆಸಿ ಕೊಟ್ಟಾಗ ಗುಣವಾಯಿತು. 1929ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ, ಜಠರದ ಒಂದು ಸಹಾಯಕ ವಸ್ತು ಇಲ್ಲದೆ ಬಿ12 ರಕ್ತಕ್ಕೆ ಸೇರದೆಂಬ ತತ್ತ್ವಕ್ಕೆ ದಾರಿಯಾಯಿತು. ಜಠರದ ಬಹುಭಾಗವನ್ನು ಕಳೆದುಕೊಂಡವರಿಗೆ ಅಥವಾ ದಾರಿಯಿಂದ ದೂರವಿಟ್ಟವರಿಗೆ ಈ ನೆರವು ತಪ್ಪುತ್ತದೆ. ಯಕೃತ್ತಿನಲ್ಲಿ 2 ಮಿಲಿಗ್ರಾಮಿನಷ್ಟು ದಾಸ್ತಾನಿದ್ದು, ದಿನಕ್ಕೆ ಅದರ ಸಾವಿರದ ಒಂದು ಭಾಗಕ್ಕಿಂತ ತುಸು ಹೆಚ್ಚು ಮಾತ್ರ ಬೇಕಾಗುವುದರಿಂದ, ಕೊರತೆಯು ಎರಡು ವರ್ಷಗಳವರೆಗೂ ಮರೆಯಲ್ಲಿರಬಹುದು. ‘ನನಗೇನೂ ಆಗಿಲ್ಲ’ ಎಂದು ರೋಗಿ ಮಾತ್ರೆ ಬಿಡುವುದು ಆ ಅವಧಿಯಲ್ಲಿಯೇ. ಮುಂದೆ ಕಾಲು ಜುಮುಗುಟ್ಟಿ ಮರಗಟ್ಟುವ ಹೊತ್ತಿಗೆ ನರಗಳು ಕೆಟ್ಟಿರುತ್ತವೆ. ಸಸ್ಯಗಳಲ್ಲಿ ಬಿ12 ಇಲ್ಲ. ನಮ್ಮಲ್ಲಿ ಶಾಕಾಹಾರಿಗಳು ಹಾಲು ಮೊಸರುಗಳಿಂದಲೇ ಅದನ್ನು ಪಡೆಯಬೇಕು. ಅವರ ದಾಸ್ತಾನು ಮೊದಲೇ ಕಡಿಮೆಯಿರುವುದರಿಂದ ಅವರು ಇನ್ನಷ್ಟು ಎಚ್ಚರವಾಗಿರಬೇಕು. ಚುಚ್ಚುಮದ್ದಿನಿಂದಾಗಲಿ, ಅಧಿಕ ಪ್ರಮಾಣದ ಮಾತ್ರೆಯಿಂದಾಗಲಿ ಇದನ್ನು ಒದಗಿಸಬಹುದು.

ಕಬ್ಬಿಣವೂ ಕ್ಯಾಲ್ಸಿಯಮ್ಮೂ ಮುಖ್ಯವಾಗಿ ಹೀರಲ್ಪಡುವುದು ಸಣ್ಣ ಕರುಳಿನ ಆರಂಭದ ಭಾಗದಲ್ಲಿ. ಬೈಪಾಸ್ ಆದವರಲ್ಲಿ ಆಹಾರವು ಆ ಭಾಗವನ್ನು ಹಾಯುವುದಿಲ್ಲ. ಪರಿಣಾಮ, ರಕ್ತಹೀನತೆ ಮತ್ತು ಎಲುಬಿನ ಸವೆತ. ಎರಡನ್ನೂ ಒಟ್ಟಿಗೆ ನುಂಗಿದರೆ ಒಂದು ಮತ್ತೊಂದನ್ನು ತಡೆಯುವುದರಿಂದ ನಡುವೆ ಎರಡು ಗಂಟೆ ಅಂತರವಿರಬೇಕು. ಕಬ್ಬಿಣದ ಮಾತ್ರೆಯನ್ನು ಕಾಫಿ, ಚಹಗಳೊಡನೆ ಸೇವಿಸಬಾರದು. ಈ ಮಾತ್ರೆಗಳೂ ಕ್ರಮವಾದ ರಕ್ತಪರೀಕ್ಷೆಯೂ ಜೀವಮಾನಪರ್ಯಂತ ಬೇಕು. ನೋವು ನಿವಾರಿಸುವ ಕೆಲವು ಮಾತ್ರೆಗಳೂ ಹೊಗೆಬತ್ತಿಯೂ ಜೋಡಣೆಯ ಜಾಗದಲ್ಲಿ ಹುಣ್ಣು ತರುತ್ತವೆ. ಮದ್ಯವು ಮೊದಲಿಗಿಂತ ಬೇಗ ರಕ್ತಕ್ಕೇರುತ್ತದೆ. ಇವುಗಳಿಂದ ದೂರವಿರುವುದೇ ಲೇಸು.

ಮನಸ್ಸು ಮತ್ತು ಸಮಾಜ

ಶರೀರ ಬೇಗ ಬದಲಾಗುತ್ತದೆ, ಮನಸ್ಸು ಹಿಂದುಳಿಯುತ್ತದೆ. ದುಃಖದಲ್ಲಿಯೂ ಬೇಸರದಲ್ಲಿಯೂ ತಿಂಡಿಯನ್ನೇ ಆಶ್ರಯಿಸಿದ್ದವರಿಗೆ ಆ ಆಶ್ರಯ ತಪ್ಪಿದಾಗ ಖಿನ್ನತೆ ಕವಿಯಬಹುದು. ಜೋತುಬಿದ್ದ ಚರ್ಮವು ಹೊಸ ಸಂಕೋಚಕ್ಕೆ ಕಾರಣವಾಗಬಹುದು. ನಮ್ಮ ಪಂಕ್ತಿಭೋಜನಗಳಲ್ಲಿ ಎಲೆಯ ಮುಂದೆ ನಿಂತು ‘ಇನ್ನೊಂದು ಹೋಳಿಗೆ’ ಎಂದು ಬಲವಂತ ಮಾಡುವುದು ಪ್ರೀತಿಯ ಲಕ್ಷಣ. ಆದರೆ ಎರಡು ತುತ್ತು ಹೆಚ್ಚಾದರೂ ವಾಂತಿ ಮಾಡಿಕೊಳ್ಳುವವನಿಗೆ ಅದು ಶಿಕ್ಷೆ. ಅದಕ್ಕಿಂತ ಕಠಿನವಾದದ್ದು ‘ಸುಲಭದ ದಾರಿ ಹಿಡಿದರು’ ಎಂಬ ಮಾತು. ಮೇಲಿನ ವಿವರಗಳನ್ನು ಓದಿದವರು ಈ ದಾರಿಯನ್ನು ಸುಲಭವೆಂದು ಕರೆಯಲಾರರು.

ಇಷ್ಟೆಲ್ಲ ಪಟ್ಟ ಪಾಡಿಗೆ ಫಲವುಂಟೆ? ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ ಒಂದು ದೀರ್ಘ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಯಾದ ಸುಮಾರು 2,000 ಮಂದಿಯನ್ನು, ಅದನ್ನು ಮಾಡಿಸಿಕೊಳ್ಳದ ಅಷ್ಟೇ ಮಂದಿಯೊಡನೆ ಹೋಲಿಸಿ ನೋಡಿದರು. 2007ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೊದಲ ಗುಂಪಿನಲ್ಲಿ ಸಾವುಗಳು ಸ್ಪಷ್ಟವಾಗಿ ಕಡಿಮೆಯಿದ್ದುವು. ಬೈಪಾಸ್ ಆದವರ ತೂಕವು ಹತ್ತು ವರ್ಷಗಳ ಬಳಿಕವೂ ಮೊದಲಿಗಿಂತ ಸುಮಾರು ಕಾಲುಭಾಗ ಕಡಿಮೆಯಾಗಿಯೇ ಇತ್ತು. ಶಸ್ತ್ರವೈದ್ಯನ ಕೆಲಸ ಕೆಲವು ಗಂಟೆಗಳದು. ರೋಗಿಯದು ಜೀವನದ ಪ್ರತಿದಿನದ್ದು. ಆ ದಿನದಿನದ ಕೆಲಸದಲ್ಲಿ ಮನೆಯವರೂ ನೆರೆಹೊರೆಯವರೂ ತಿಳಿವಳಿಕೆಯಿಂದ ನೆರವಾದರೆ, ಗಳಿಸಿದ ಆರೋಗ್ಯವು ಉಳಿಯುವುದು.