ಅಂಟಿ ಬಾಳುವವು: ಪ್ರತ್ಯಯ, ಬದನಿಕೆ, ಸೀತಾಳೆ

ಹಾವೇರಿ ಜಿಲ್ಲೆಯ ನಾಲ್ಕು ಊರುಗಳ ಹೆಸರಿಗೆ ಚತುರ್ಥಿ ವಿಭಕ್ತಿ ಹಚ್ಚಿ ನೋಡಿ. ಶಿಗ್ಗಾವಿ ‘ಶಿಗ್ಗಾವಿಗೆ’ ಆಗುತ್ತದೆ. ಹಾನಗಲ್ಲು, ಸವಣೂರು, ಹಿರೇಕೆರೂರುಗಳಲ್ಲಿ ಕೊನೆಯ ಉಕಾರ ಬಿದ್ದುಹೋಗಿ ‘ಇಗೆ’ ಬರುತ್ತದೆ: ಹಾನಗಲ್ಲಿಗೆ, ಸವಣೂರಿಗೆ, ಹಿರೇಕೆರೂರಿಗೆ. ಸಪ್ತಮಿಯ ‘ಅಲ್ಲಿ’ ಸೇರುವಾಗ ನಡುವೆ ‘ಇನ್’ ಆಗಮವಾಗಿ ‘ಸವಣೂರಿನಲ್ಲಿ’. ಶಿಗ್ಗಾವಿಗಾದರೆ ಯಕಾರಾಗಮ ಸಾಕು, ‘ಶಿಗ್ಗಾವಿಯಲ್ಲಿ’.

ಹೀಗೆ ಪ್ರತ್ಯಯಗಳನ್ನು ಸಾಲಾಗಿ ಅಂಟಿಸಿಕೊಳ್ಳುವುದು ಅಂಟುಭಾಷೆ. ಕನ್ನಡ, ತಮಿಳಿನಂತೆ ದೂರದ ಟರ್ಕಿಶ್, ಫಿನ್ನಿಶ್ ಕೂಡ ಇದೇ ಗುಂಪಿನವು. ಒಂಟಿಯಾಗಿ ನಿಲ್ಲಲಾರದ ‘ಗೆ’ ಬದ್ಧ ಆಕೃತಿಮಾ. ‘ಊರು’ ಮುಕ್ತ ಆಕೃತಿಮಾ. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸಂಧಿಗೂ ನಾಮಕ್ಕೂ ಪ್ರತ್ಯೇಕ ಪ್ರಕರಣಗಳನ್ನೇ ಇಟ್ಟಿದ್ದಾನೆ.

ಅಂಟಿ ಬಾಳುವುದು ಗಿಡಗಳಲ್ಲೂ ಉಂಟು. ಹಾನಗಲ್ಲು ಮಾವಿನ ಸೀಮೆ. ಮಾವಿನ ಕೊಂಬೆಗೆ ಅಂಟುವ ಬದನಿಕೆ (ಡೆಂಡ್ರಾಫ್ಥಿ ಫಾಲ್ಕೇಟಾ) ಪರೀಕ್ಷಾರ್ಥಿಗಳನ್ನು ಮೇಲಿಂದ ಮೇಲೆ ದಾರಿ ತಪ್ಪಿಸುತ್ತದೆ. ಹಸಿರೆಲೆ ಇರುವುದರಿಂದ ಅದು ದ್ಯುತಿಸಂಶ್ಲೇಷಣೆ ನಡೆಸುತ್ತದೆ. ನೀರು, ಖನಿಜಗಳನ್ನು ಮಾತ್ರ ಹೀರುಬೇರಿನ ಮೂಲಕ ಮರದಿಂದ ಎಳೆಯುತ್ತದೆ. ಆದ್ದರಿಂದ ಅದು ಅರೆಪರಾವಲಂಬಿ. ಇದರ ಹಣ್ಣು ತಿನ್ನುವ ಪುಟ್ಟ ಬದನಿಕೆ ಹಕ್ಕಿ ಅಂಟುಬೀಜವನ್ನು ಮತ್ತೊಂದು ಕೊಂಬೆಗೆ ದಾಟಿಸುತ್ತದೆ. ಬೀಜದ ಸುತ್ತಲಿನ ಅಂಟಿನ ಹೆಸರು ವಿಸಿನ್. ಎಂಥ ಅಚ್ಚರಿಯ ಏರ್ಪಾಡು! ಬೆಳೆಗಾರನಿಗೆ ಮಾತ್ರ ಅದು ನಷ್ಟ. ಹಣ್ಣಾಗುವ ಮೊದಲೇ ಅಂಟಿದ ಕೊಂಬೆ ಸಮೇತ ಕತ್ತರಿಸಬೇಕು.

ಪಕ್ಕದ ಉತ್ತರ ಕನ್ನಡದ ಕಾಡಿನ ಸೀತಾಳೆ ದಂಡೆ (ರಿಂಕೋಸ್ಟೈಲಿಸ್ ರೆಟೂಸಾ) ಬೇರೆ ಬಗೆಯದು. ಈ ಆರ್ಕಿಡ್ ಮರದ ಆಸರೆ ಪಡೆಯುತ್ತದೆ, ಆಹಾರ ಕಸಿಯುವುದಿಲ್ಲ. ತೂಗುವ ಬೇರುಗಳ ವೆಲಾಮೆನ್ ಎಂಬ ಹೊರಪದರ ಮಳೆನೀರನ್ನೂ ತೇವವನ್ನೂ ಹೀರುತ್ತದೆ. ಇಂಥವು ಅಪ್ಪುಸಸ್ಯಗಳು.