ಬೇಬ್ ಎಂಬ ಗಟ್ಟಿಗಿತ್ತಿ

ಗಾಲ್ಫ್ ಎಂಬ ಆಟ ಗೊತ್ತೇ? ಅಗಲವಾದ ಹುಲ್ಲಿನ ಬಯಲು. ಅದರಲ್ಲಿ ಅಲ್ಲಲ್ಲಿ 18 ಕುಳಿ. ಉದ್ದನೆಯ ಕೋಲಿನಿಂದ ಪುಟ್ಟ ಚೆಂಡನ್ನು ಹೊಡೆಯಬೇಕು. ಒಂದೊಂದೇ ಕುಳಿಗೆ ಬೀಳಿಸಬೇಕು. ಕಡಿಮೆ ಹೊಡೆತದಲ್ಲಿ ಮುಗಿಸಿದವರು ಗೆದ್ದ ಹಾಗೆ.

ಈ ಆಟದಿಂದಲೇ ದುಡಿದು ಬದುಕಿದ ಮೊದಲ ಹೆಂಗಸರಲ್ಲಿ ಬೇಬ್ ಡಿಡ್ರಿಕ್ಸನ್ ಜಹಾರಿಯಾಸ್ ಒಬ್ಬಳು.

ಬೇಬ್ ಹುಟ್ಟಿದ್ದು 1911ರಲ್ಲಿ, ಅಮೆರಿಕ ದೇಶದ ಟೆಕ್ಸಾಸ್‌ನಲ್ಲಿ. ತಂದೆ ಮರಗೆಲಸ ಮಾಡುತ್ತಿದ್ದರು. ಮನೆಯಲ್ಲಿ ಏಳು ಮಕ್ಕಳು. ಹುಡುಗಿಯಾಗಿದ್ದಾಗ ಬೇಬ್ ಗೋಣಿಚೀಲ ಹೊಲಿದು ಕೂಲಿ ತಂದಳು. ಆಟದಲ್ಲೂ ಮುಂದು. 1932ರ ಒಲಿಂಪಿಕ್ಸ್‌ನಲ್ಲಿ ಈಟಿ ಎಸೆತ ಮತ್ತು ತಡೆ ಓಟದಲ್ಲಿ ಚಿನ್ನ ಗೆದ್ದಳು. ಎತ್ತರ ಜಿಗಿತದಲ್ಲಿ ಬೆಳ್ಳಿ ಬಂತು.

ಊರೆಲ್ಲ ಹೊಗಳಿತು. ಆದರೆ ಹೊಗಳಿಕೆಯಿಂದ ಹೊಟ್ಟೆ ತುಂಬುತ್ತದೆಯೇ? ಬೇಬ್ ಗಾಲ್ಫ್ ಕಲಿತಳು. ದಿನವಿಡೀ ಚೆಂಡು ಹೊಡೆದಳು. ಅಂಗೈ ಒಡೆದು ರಕ್ತ ಬಂತು. ಬಟ್ಟೆ ಸುತ್ತಿಕೊಂಡು ಮತ್ತೆ ಹೊಡೆದಳು. ಇಂಥ ಹೆಂಗಸರು ಅಲಂಕಾರ ಮಾಡಿಕೊಂಡು ಮನೆಯಲ್ಲಿ ಇದ್ದರೇ ಚೆನ್ನ ಅಂತ ಒಬ್ಬ ಪತ್ರಕರ್ತ ಬರೆದ. ಬೇಬ್ ಕಿವಿಗೆ ಹಾಕಿಕೊಳ್ಳಲಿಲ್ಲ.

ಆಗ ಬಹುಮಾನದ ಹಣ ಸಿಗುವ ಪಂದ್ಯಗಳು ಹೆಂಗಸರಿಗೆ ತೀರಾ ಕಡಿಮೆ. ಒಬ್ಬಳೇ ಕೇಳಿದರೆ ಯಾರು ಕೊಡುತ್ತಾರೆ? 1950ರಲ್ಲಿ 13 ಮಂದಿ ಆಟಗಾರ್ತಿಯರು ಸೇರಿ ಸಂಘ ಕಟ್ಟಿದರು. ಬೇಬ್ ಅವರಲ್ಲಿ ಒಬ್ಬಳು. ಪಂದ್ಯ ಏರ್ಪಡಿಸೋದು, ನಿಯಮ ಬರೆಯೋದು, ಲೆಕ್ಕ ನೋಡೋದು, ಎಲ್ಲ ತಾವೇ ಮಾಡಿದರು.

1953ರಲ್ಲಿ ಬೇಬ್‌ಗೆ ದೊಡ್ಡ ಕರುಳಿನ ಕ್ಯಾನ್ಸರ್ ಆಯಿತು. ವೈದ್ಯರು ಆಪರೇಷನ್ ಮಾಡಿದರು. ಮಲ ಹೋಗಲು ಹೊಟ್ಟೆಯ ಮೇಲೆ ದಾರಿ ಮಾಡಿ ಚೀಲ ಅಂಟಿಸಿದರು. ಆ ಕಾಲದಲ್ಲಿ ಜನ ಕ್ಯಾನ್ಸರ್ ಎಂಬ ಹೆಸರು ಹೇಳಲೂ ಹೆದರುತ್ತಿದ್ದರು. ಬೇಬ್ ಮುಚ್ಚಿಡಲಿಲ್ಲ. ತನಗೆ ಬಂದಿರುವುದು ಕ್ಯಾನ್ಸರ್ ಅಂತ ಎಲ್ಲರಿಗೂ ಹೇಳಿದಳು.

ನಾಲ್ಕು ತಿಂಗಳೊಳಗೆ ಮತ್ತೆ ಬಯಲಿಗೆ ಇಳಿದಳು. 1954ರಲ್ಲಿ ಅಮೆರಿಕದ ದೊಡ್ಡ ಪಂದ್ಯವನ್ನು ಚೀಲ ಕಟ್ಟಿಕೊಂಡೇ ಆಡಿದಳು. ಎರಡನೆಯವಳಿಗಿಂತ 12 ಹೊಡೆತ ಕಡಿಮೆ! ಗೆದ್ದಳು.

ಕಾಯಿಲೆ ಮರಳಿ ಬಂತು. 1956ರಲ್ಲಿ ಬೇಬ್ ತೀರಿಕೊಂಡಳು. ಆಗ ಆಕೆಗೆ 45 ವರ್ಷ. ಆದರೆ ಆ ಸಂಘ ಉಳಿಯಿತು, ಬೆಳೆಯಿತು. ನಮ್ಮ ಬೆಂಗಳೂರಿನ ಅದಿತಿ ಅಶೋಕ್ 2017ರಿಂದ ಅದೇ ಸಂಘದ ಪಂದ್ಯಗಳಲ್ಲಿ ಆಡಿದ್ದಾರೆ.

ಅಕ್ಕಂದಿರೇ, ಎಷ್ಟೋ ಮಂದಿ ನಾಚಿಕೆಯಿಂದ ಕಾಯಿಲೆ ಮುಚ್ಚಿಡುತ್ತೇವೆ. ಮಲದಲ್ಲಿ ರಕ್ತ ಕಂಡರೆ, ಮೈಯಲ್ಲಿ ಗಂಟು ಕಂಡರೆ ಸುಮ್ಮನಿರಬೇಡಿ. ಬೇಗ ವೈದ್ಯರಿಗೆ ತೋರಿಸಿ. ಬೇಗ ಗೊತ್ತಾದರೆ ಗುಣವಾಗುವ ಸಾಧ್ಯತೆ ಹೆಚ್ಚು.

ಮಾತಾಡಿ, ಬರೆಯಿರಿ:
1. 13 ಮಂದಿ ಸೇರಿ ಸಂಘ ಕಟ್ಟಿದ್ದು ಏಕೆ?
2. ಬೇಬ್ ತನ್ನ ಕಾಯಿಲೆಯನ್ನು ಮುಚ್ಚಿಟ್ಟಳೇ?
3. ನಾವು ಕಾಯಿಲೆಯನ್ನು ಯಾರಿಗೂ ಹೇಳದೆ ಇರುವುದು ಏಕೆ?