ನೊಣಗಾಳಕ್ಕೆ ತಕ್ಕ ಲೀಡರನ್ನು ಆರಿಸುವ ಕ್ರಮ

ಹೊಳೆಯ ದಡದಲ್ಲಿ ಜಮೀನುಳ್ಳ ಗೃಹಸ್ಥರಲ್ಲಿ ಅನೇಕರು ಎರೆಹುಳುವಿನ ಗಾಳವನ್ನು ಬಾಲ್ಯದಿಂದಲೂ ಬಲ್ಲವರೇ. ಅದರಲ್ಲಿ ಸೀಸದ ಗುಂಡಿನ ಭಾರವು ದಾರವನ್ನು ಎಳೆದುಕೊಂಡು ಹೋಗುವುದು. ನೊಣಗಾಳದ ರೀತಿ ಬೇರೆ. ಗರಿ, ನೂಲು, ರೋಮಗಳನ್ನು ಕೊಕ್ಕೆಗೆ ಸುತ್ತಿ ಮಾಡಿದ ಹುಸಿನೊಣಕ್ಕೆ ಭಾರವೇ ಇಲ್ಲ; ಬೀಸುವ ಹುರಿಗೇ ಭಾರವಿದ್ದು, ಅದೇ ನೊಣವನ್ನು ಒಯ್ಯುವುದು. ಈ ದಪ್ಪ ಹುರಿಯು ಮೀನಿನ ಬಳಿ ಬಿದ್ದರೆ ಮೀನು ಬೆದರಿ ಓಡುವುದು. ಆದುದರಿಂದ ಹುರಿಗೂ ನೊಣಕ್ಕೂ ನಡುವೆ, ಬುಡದಲ್ಲಿ ದಪ್ಪನಾಗಿಯೂ ತುದಿಯಲ್ಲಿ ಸಣ್ಣನಾಗಿಯೂ ಇರುವ ಒಂದು ತಿಳಿಯಾದ ಎಳೆಯನ್ನು ಕಟ್ಟುವರು. ಇದಕ್ಕೆ ಲೀಡರು ಎಂದು ಹೆಸರು. ಊರಿನ ಮುಖಂಡರಿಗೂ ಇದೇ ಹೆಸರುಂಟು. ಅವರನ್ನು ಆರಿಸುವ ಕ್ರಮವು ಈ ಪತ್ರಿಕೆಯ ವಿಷಯವಲ್ಲ.

ನಮ್ಮ ಸೀಮೆಯವರಿಗೆ ಒಂದು ಸಂಗತಿ ಸ್ವಾರಸ್ಯವಾಗಿ ತೋರಬಹುದು. ಹಿಂದೆ ಲೀಡರನ್ನು ಮಾಡುತ್ತಿದ್ದುದು ರೇಷ್ಮೆಹುಳುವಿನಿಂದಲೇ. ಸ್ಪೇನ್ ದೇಶದ ಮುರ್ಸಿಯಾ ಪ್ರಾಂತದಲ್ಲಿ, ಹಣ್ಣಾಗಿ ಇನ್ನೇನು ಗೂಡು ಕಟ್ಟಬೇಕೆಂದಿರುವ ಹುಳುಗಳನ್ನು ಹುಳಿನೀರಿನಲ್ಲಿ ನೆನೆಹಾಕಿ, ಒಡಲಿನ ರೇಷ್ಮೆಚೀಲವನ್ನು ತೆಗೆದು, ಎರಡು ಕೈಗಳಿಂದ ಎಳೆದು ಒಂದು ಒಂದೂವರೆ ಅಡಿಯ ಎಳೆಗಳನ್ನು ಮಾಡುತ್ತಿದ್ದರು. ಒಣಗಿದರೆ ಅವು ಕಡ್ಡಿಯಂತೆ ಮುರಿಯುತ್ತಿದ್ದುದರಿಂದ ಮೊದಲೇ ನೆನೆಸಿಡಬೇಕಾಗುತ್ತಿತ್ತು. 1938ರಲ್ಲಿ ಪ್ರಕಟವಾದ ನೈಲಾನು ಕ್ರಮೇಣ ಈ ಕಸುಬನ್ನು ನಿಲ್ಲಿಸಿತು. ಈಗ ಬಳಕೆಯಲ್ಲಿರುವುದು ನಾವು ತಂಗೂಸಿಯೆನ್ನುವ ನೈಲಾನು ಎಳೆ, ಇಲ್ಲವೆ ಫ್ಲೂರೋಕಾರ್ಬನ್ನು.

ಲೀಡರಿನ ಉದ್ದವು ಸಾಮಾನ್ಯವಾಗಿ 9 ಅಡಿ. ಗಿಡಗಂಟಿಗಳ ನಡುವಿನ ಕಿರುತೊರೆಗೂ ಗಾಳಿಯ ದಿನಕ್ಕೂ 7½ ಅಡಿ ಸಾಕು. ನಿಂತ ತಿಳಿನೀರಿಗೆ 12 ಅಡಿ ಬೇಕಾದೀತು. ಬುಡವು ಹುರಿಯ ತುದಿಯ ದಪ್ಪದಲ್ಲಿ ಸುಮಾರು ಮೂರನೆಯ ಎರಡು ಪಾಲಿರಬೇಕು. ಬುಡ ತೆಳುವಾದರೆ ಬೀಸಿದ ಬಲವು ಅಲ್ಲಿಯೇ ಕುಗ್ಗಿ, ನೊಣವು ಹುರಿಯ ಮೇಲೆಯೇ ಸುರುಳಿಯಾಗಿ ಬೀಳುವುದು. ಇಡೀ ಉದ್ದದಲ್ಲಿ ನೂರಕ್ಕೆ 60 ಪಾಲು ದಪ್ಪ ಭಾಗ, 20 ಪಾಲು ಕಿರಿದಾಗುತ್ತ ಬರುವ ಭಾಗ, 20 ಪಾಲು ತುದಿಯೆಳೆ ಎಂಬ ಲೆಕ್ಕವು ಕೈಯಲ್ಲೇ ಕಟ್ಟಿಕೊಳ್ಳುವವರಿಗೆ ಅನುಕೂಲ.

ತುದಿಯೆಳೆಯ ದಪ್ಪವನ್ನು ಎಕ್ಸ್ ಎಂಬ ಅಂಕದಿಂದ ಹೇಳುವರು. 11ರಲ್ಲಿ ಆ ಅಂಕವನ್ನು ಕಳೆದರೆ ಅಂಗುಲದ ಸಾವಿರದ ಪಾಲಿನಲ್ಲಿ ದಪ್ಪವು ದೊರೆಯುವುದು. 4 ಎಕ್ಸ್ ಎಂದರೆ ಅಂಗುಲದ ಸಾವಿರದ 7 ಪಾಲು. ಅಂಕ ಹೆಚ್ಚಿದಷ್ಟೂ ಎಳೆ ಸಣ್ಣ. ಕೊಕ್ಕೆಯ ಅಂಕವನ್ನು 3ರಿಂದ ಭಾಗಿಸಿದರೆ ತಕ್ಕ ಎಕ್ಸ್ ಬರುವುದು: 12ನೆಯ ಕೊಕ್ಕೆಗೆ 4, 16ನೆಯದಕ್ಕೆ 5. ನೀಲಗಿರಿಯ ತಣ್ಣೀರಿನ ಹೊಳೆಗಳಿಗೆ ಹೊರಗಿನಿಂದ ತಂದು ಬಿಟ್ಟ ಟ್ರೌಟ್ ಮೀನಿಗೆ ಈ ಲೆಕ್ಕವು ಚೆನ್ನಾಗಿ ಒಪ್ಪುತ್ತದೆ.

ಕಾವೇರಿಯ ಮಹಶೀರಿಗೆ ಇದು ಸಲ್ಲದು. ಸಣ್ಣ ಎಳೆಯಲ್ಲಿ ದೊಡ್ಡ ಮೀನನ್ನು ಹಿಡಿಯುವುದು ಜಾಣತನವೆಂದು ಕೆಲವರು ಹೇಳಿಕೊಳ್ಳುವುದುಂಟು; ನನಗೆ ಅದು ಸಮ್ಮತವಲ್ಲ. ಮಹಶೀರಿನ ದವಡೆಯಲ್ಲಿ ಹಲ್ಲಿಲ್ಲ, ಗಂಟಲಿನಲ್ಲಿವೆ. ಆದುದರಿಂದ ತಂತಿಯ ಅವಶ್ಯಕತೆಯಿಲ್ಲ. ಆದರೆ ಗಾಳಕ್ಕೆ ಬಿದ್ದೊಡನೆ ಅದು ಸೆಳವಿನಲ್ಲಿ ಕೆಳಮುಖವಾಗಿ ಬಂಡೆಗಳ ಸಂದಿಗೆ ನುಗ್ಗುವುದು. ಎಳೆಯು ಬಂಡೆಗೆ ಉಜ್ಜಿ ಹರಿದರೆ ಮೀನು ಕೊಕ್ಕೆಯನ್ನೂ ದಾರವನ್ನೂ ಹೊತ್ತು ಹೋಗುವುದು. ಹರಿಯದಿದ್ದರೂ, ಸಣ್ಣ ಎಳೆಯಲ್ಲಿ ಬಹಳ ಹೊತ್ತು ಆಡಿಸಿ ಬಳಲಿಸಿದ ಮೀನನ್ನು ನೀರಿಗೆ ಬಿಟ್ಟರೂ ಅದು ಉಳಿಯುವುದು ಸಂದೇಹ. ಕಾವೇರಿಯ ಡುಬ್ಬದ ಮಹಶೀರು ಅಳಿವಿನ ಅಂಚಿನಲ್ಲಿರುವುದೆಂದು 2018ರಲ್ಲಿ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸೇರಿದೆ. ಇಂಥ ಒಂದು ದೊಡ್ಡ ತಾಯಿಮೀನು ಹೋದರೆ ನಷ್ಟವು ಸಣ್ಣದಲ್ಲ. ಆದುದರಿಂದ ಇಲ್ಲಿ 9 ಅಡಿಗೆ ಮೀರದ, 15ರಿಂದ 20 ಪೌಂಡು ತಡೆಯುವ ತುದಿಯೆಳೆಯನ್ನೇ ಕಟ್ಟತಕ್ಕದ್ದು. ಉಜ್ಜಿಗೆ ಫ್ಲೂರೋಕಾರ್ಬನ್ನು ಮೇಲು. ಅದು ನೀರನ್ನು ಹೀರುವುದಿಲ್ಲ, ಮುಳುಗುತ್ತದೆ. ನೀರಿನ ಮೇಲೆ ತೇಲಬೇಕಾದ ನೊಣಕ್ಕೆ ಈ ಗುಣವೇ ದೋಷವಾದ್ದರಿಂದ ಅಲ್ಲಿ ನೈಲಾನೇ ಸರಿ.

ನಾಲ್ಕು ವರ್ಷಗಳ ಹಿಂದೆ ಅಪ್ಪಣೆ ಪಡೆದು ಗಾಳ ಹಾಕಿದಾಗ ನಾನು ಕಟ್ಟಿದ್ದುದು 20 ಪೌಂಡಿನ ನೈಲಾನೇ. ಆದರೆ ಆ ಸುರುಳಿಯು ಮನೆಯ ಕಿಟಕಿಯಲ್ಲಿ ಮೂರು ಬೇಸಗೆಯ ಬಿಸಿಲು ತಿಂದಿತ್ತು. ಮೀನು ಒಮ್ಮೆ ಜಗ್ಗಿದೊಡನೆ ಎಳೆಯು ನಡುವೆಯೇ ತುಂಡಾಯಿತು. ಬಿಸಿಲಿಗೆ ನೈಲಾನು ಬಲಗೆಡುವುದೆಂದು ನನಗೆ ಗೊತ್ತಿಲ್ಲದೆ ಇರಲಿಲ್ಲ, ಸೋಮಾರಿತನವಷ್ಟೆ. ಈಗ ಸುರುಳಿಗಳನ್ನು ಕತ್ತಲೆ ಪೆಟ್ಟಿಗೆಯಲ್ಲಿಟ್ಟು, ಕೊಂಡ ವರ್ಷವನ್ನು ಮೇಲೆ ಬರೆದಿಡುತ್ತೇನೆ. ಹೊರಡುವ ಮುನ್ನ ಒಂದು ಮೊಳವನ್ನು ಎರಡು ಕೈಗೂ ಬಟ್ಟೆ ಸುತ್ತಿಕೊಂಡು ಜಗ್ಗಿ ನೋಡಬೇಕು. ಗಂಟನ್ನು ಬಿಗಿಯುವ ಮುನ್ನ ಎಂಜಲಿನಿಂದ ಒದ್ದೆಮಾಡಬೇಕು. ಒಣಗಂಟು ಉಜ್ಜಿನ ಕಾವಿನಿಂದಲೇ ಸವೆಯುವುದು. ಬಂಡೆಗೆ ತಾಗಿದ ಎಳೆಯನ್ನು ಬೆರಳಿನಿಂದ ಸವರಿ, ಒರಟಾದಷ್ಟನ್ನು ಕತ್ತರಿಸಿ ಹಾಕಬೇಕು.

ಕತ್ತರಿಸಿದ ತುಂಡುಗಳನ್ನು ದಡದಲ್ಲಿ ಬಿಡಕೂಡದು. ಅವು ಹಕ್ಕಿಗಳ ಕಾಲಿಗೂ ಮೇಯುವ ದನಗಳ ಬಾಯಿಗೂ ಸಿಕ್ಕುತ್ತವೆ. ನಿಮ್ಮ ಜಮೀನಿನ ಅಂಚಿನಲ್ಲಿ ಪರಊರಿನವರು ಗಾಳ ಹಾಕಲು ಬಂದರೆ, ಪಟೇಲರಾದವರು ಮೊದಲು ಅಪ್ಪಣೆಯ ಚೀಟಿಯನ್ನೂ, ಬಳಿಕ ಅವರ ತುದಿಯೆಳೆಯನ್ನೂ ಕೇಳಿ ನೋಡಬಹುದು.